ನಿಮಗಿದು ಗೊತ್ತೇ? 'ರನ್' ಅಂದರೆ ಬರೀ ಓಟವಲ್ಲ!

'ರನ್' ಅಂದರೆ ಓಡು. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಆದರೆ ಇಂಗ್ಲಿಷಿನ ಈ ಮೂರಕ್ಷರದ ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಗುರುತಿಸಿದ ಅರ್ಥಗಳೆಷ್ಟು, ಹೇಳಿ ನೋಡೋಣ? ಬರೋಬ್ಬರಿ 645!

ಅಷ್ಟನ್ನೂ ಹೆಕ್ಕಿ, ವಿಂಗಡಿಸಿದವರು ನಿಘಂಟುಕಾರ ಪೀಟರ್ ಗಿಲಿವರ್. ಹಿಡಿದ ಸಮಯ ಒಂಬತ್ತು ತಿಂಗಳು. ಒಂದೇ ಪದಕ್ಕೆ ಮುಕ್ಕಾಲು ವರ್ಷ!

ಇದಕ್ಕೂ ಮೊದಲು ಅತಿ ಹೆಚ್ಚು ಅರ್ಥಗಳ ಪದವೆಂಬ ಪಟ್ಟದಲ್ಲಿ ಮೆರೆದದ್ದು 'ಸೆಟ್'. ಅದೇ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥ. ವಿವರಿಸಲು ಬೇಕಾದದ್ದು ಸುಮಾರು 60,000 ಪದ. ಒಂದು ಕಾದಂಬರಿಗೆ ಸಾಲುವಷ್ಟು!

ಇಂಗ್ಲಿಷಿನಲ್ಲಿ ನದಿಯೂ ರನ್, ನೆಗಡಿಯ ಮೂಗೂ ರನ್, ಒಗೆದ ಬಟ್ಟೆಯ ಬಣ್ಣವೂ ರನ್, ಅಂಗಡಿಯ ಕಾರುಬಾರೂ ರನ್. ನಮಗೋ? ನದಿ ಹರಿಯಬೇಕು, ಮೂಗು ಸೋರಬೇಕು, ಬಟ್ಟೆ ಬಣ್ಣ ಬಿಡಬೇಕು, ಅಂಗಡಿ ನಡೆಸಬೇಕು. ಅವರ ಒಂದಕ್ಕೆ ನಮ್ಮವು ನಾಲ್ಕು!

ಅಮೆರಿಕದ ಅಭ್ಯರ್ಥಿ ಚುನಾವಣೆಗೆ 'ರನ್' ಮಾಡುತ್ತಾರೆ. ಬ್ರಿಟನ್ನಿನವರು 'ಸ್ಟ್ಯಾಂಡ್' ಅನ್ನುತ್ತಾರೆ. ನಾವೂ ಚುನಾವಣೆಗೆ ನಿಲ್ಲುವವರೇ. ಕುರ್ಚಿ ಬೇಕೆಂದರೆ ಅಲ್ಲಿ ಓಡಬೇಕು, ಇಲ್ಲಿ ನಿಲ್ಲಬೇಕು!

ಹಣ ವಾಪಸ್ ಪಡೆಯಲು ಜನ ಒಮ್ಮೆಲೇ ಮುಗಿಬಿದ್ದರೆ ಅದು 'ಬ್ಯಾಂಕ್ ರನ್'. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಹೊರಟರು. ಬಹುಪಾಲು ಕೂತಲ್ಲಿಂದಲೇ, ಕಂಪ್ಯೂಟರ್ ಮತ್ತು ಫೋನಿನಲ್ಲಿ. ಕಾಲು ಓಡಲಿಲ್ಲ, ಬೆರಳು ಓಡಿತು!

ಸಿನಿಮಾ ನೂರು ದಿನ 'ಓಡಿತು' ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ನಾಟಕವೂ ಹಾಗೇ ಓಡುತ್ತದೆ. ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ಲಂಡನ್ನಿನಲ್ಲಿ ಶುರುವಾದದ್ದು 1952ರಲ್ಲಿ. ಕೋವಿಡ್ ಕಾಲದಲ್ಲಿ ನಿಂತದ್ದು ಬಿಟ್ಟರೆ ಓಡುತ್ತಲೇ ಬಂದಿದೆ!

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದಕ್ಕೆ 'ರಿನ್ನನ್' ಅನ್ನುವ ರೂಪವೂ ಇತ್ತು, 'ಇರ್ನನ್' ಅನ್ನುವ ರೂಪವೂ ಇತ್ತು. ಓಡುವ ಪದದೊಳಗೇ 'ರ'ಕಾರ ಜಾಗ ಬದಲಿಸಿ ಓಡಾಡಿದೆ!

ಇನ್ನು ಕ್ರಿಕೆಟ್. ಚೆಂಡು ನೆಲ ಮುಟ್ಟದೆ ಬೌಂಡರಿ ದಾಟಿದರೆ ಬ್ಯಾಟರ್ ಒಂದು ಹೆಜ್ಜೆಯನ್ನೂ ಓಡಬೇಕಿಲ್ಲ. ಆದರೂ ಖಾತೆಗೆ ಆರು 'ರನ್'!