ಬಿ.ಇ. ಆದಮೇಲೆ ಹಾಡಿನಲ್ಲಿ ಎಂ.ಎ. ಮಾಡಬಹುದಾ?

ಪ್ರತಿ ವರ್ಷ ಕಾಲೇಜ್ ಫೆಸ್ಟ್‌ನಲ್ಲಿ ಅಂಥವರೊಬ್ಬರು ಇದ್ದೇ ಇರ್ತಾರೆ. ಮೈಕ್ ಹಿಡಿದು ಆಲಾಪ ಶುರು ಮಾಡಿದರೆ ಸಾಕು, ಹಿಂದಿನ ಸಾಲಿನ ಗಲಾಟೆ ತಾನಾಗಿಯೇ ನಿಲ್ಲುತ್ತೆ. ಸ್ಟೇಜ್ ಇಳಿದು ಬಂದಾಗ ನಾಲ್ಕು ಮಂದಿ ಬೆನ್ನು ತಟ್ಟಿ, "ಲೇ, ನೀ ಇಲ್ಲಿ ಯಾಕ್ ಬಂದಿ? ಇದನ್ನೇ ಕಲೀಬೇಕಿತ್ತಲ್ಲ" ಅಂತಾರೆ. ಬಹಳ ಮಂದಿ ಈ ಮಾತನ್ನು ನಕ್ಕು ಬಿಟ್ಟುಬಿಡ್ತಾರೆ. ಕೆಲವರಿಗೆ ಮಾತ್ರ ಅದು ರಾತ್ರಿ ನಿದ್ದೆ ಕೊಡಲ್ಲ. ಈ ಲೇಖನ ಆ ಕೆಲವರಿಗಾಗಿ.

ನಮ್ಮೂರು ಉಗಾರ ಖುರ್ದ. ಕಾಗವಾಡ ತಾಲೂಕು, ಕೃಷ್ಣಾ ನದಿ ದಂಡೆ. ಊರಿನ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗೋದು ಸಕ್ಕರೆ ಕಾರ್ಖಾನೆ. ಕಬ್ಬಿನ ಬಿಲ್ಲಿನಲ್ಲಿ ನಮ್ಮ ಫೀ ಕಟ್ಟಿದ ಅಪ್ಪನ ಮುಂದೆ ನಿಂತು, "ಪ್ಲೇಸ್‌ಮೆಂಟ್ ಬೇಡ, ಹಾಡಿನಲ್ಲಿ ಎಂ.ಎ. ಮಾಡ್ತೀನಿ" ಅನ್ನೋದು ಸಣ್ಣ ಮಾತಲ್ಲ. ಅದನ್ನು ಹೇಳೋ ಮೊದಲು ಆ ಎಂ.ಎ. ಏನು, ಅದಕ್ಕೆ ಏನೇನು ಬೇಕು, ಅದರಿಂದ ಏನು ಸಿಗುತ್ತೆ ಅಂತ ನಮಗಾದರೂ ಸ್ಪಷ್ಟ ಇರಬೇಕು.

ಕನ್ಸರ್ವೇಟರಿ ಎಂದರೆ

ಸಂಗೀತದಲ್ಲಿ ಸ್ನಾತಕೋತ್ತರ ಪದವಿ ಎರಡು ಬಗೆಯದು. ಒಂದರಲ್ಲಿ ಸಂಗೀತದ ಬಗ್ಗೆ ಓದುತ್ತೀರಿ: ಇತಿಹಾಸ, ಶಾಸ್ತ್ರ, ಸಂಶೋಧನೆ. ಇನ್ನೊಂದರಲ್ಲಿ ಹಾಡುವುದು ಅಥವಾ ನುಡಿಸುವುದೇ ಮುಖ್ಯ ವಿಷಯ. ಈ ಎರಡನೆಯದಕ್ಕೇ ಮೀಸಲಾದ ಸಂಸ್ಥೆಯನ್ನು ಯುರೋಪಿನಲ್ಲಿ ಕನ್ಸರ್ವೇಟರಿ ಅಂತಾರೆ. ಅಲ್ಲಿ ಫೈನಲ್ ಪರೀಕ್ಷೆ ಎಂದರೆ ಬಹುಪಾಲು ಒಂದು ಕಛೇರಿ.

ಈ ಹೆಸರಿನ ಮೂಲ ಸ್ವಾರಸ್ಯವಾಗಿದೆ. ಇಟಲಿಯ ನೇಪಲ್ಸ್ ನಗರದಲ್ಲಿ 16ನೇ ಶತಮಾನದಲ್ಲಿ ಅನಾಥ ಮಕ್ಕಳನ್ನು ಸಾಕುವ ಮನೆಗಳಿದ್ದವು. ಮಕ್ಕಳನ್ನು ಕಾಪಾಡುವ ಜಾಗ ಎಂಬ ಅರ್ಥದಲ್ಲಿ ಅವುಗಳನ್ನು 'ಕನ್ಸರ್ವಟೋರಿಯೋ' ಎಂದು ಕರೆಯುತ್ತಿದ್ದರು. ಮಕ್ಕಳು ಮುಂದೆ ಹೊಟ್ಟೆ ಹೊರೆದುಕೊಳ್ಳಲಿ ಅಂತ ಹಾಡು, ವಾದ್ಯ ಕಲಿಸಿದರು. ಆ ಕಲಿಕೆ ಎಷ್ಟು ಗಟ್ಟಿ ಆಯಿತೆಂದರೆ ಕಾಲಕ್ರಮೇಣ ಆ ಪದಕ್ಕೆ ಸಂಗೀತ ಶಾಲೆ ಎಂಬ ಅರ್ಥವೇ ನಿಂತಿತು. 1795ರಲ್ಲಿ ಪ್ಯಾರಿಸ್‌ನಲ್ಲಿ ಸರ್ಕಾರವೇ ಅಂಥ ಶಾಲೆ ತೆರೆಯಿತು.

ಇದನ್ನು ಓದಿದಾಗ ಉತ್ತರ ಕರ್ನಾಟಕದವರಿಗೆ ನೆನಪಾಗೋದು ಗದಗ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮದಲ್ಲಿ, ಅವರ ನಂತರ ಪುಟ್ಟರಾಜ ಗವಾಯಿಗಳ ಕೈಕೆಳಗೆ, ಅಂಧ, ಅನಾಥ, ಬಡ ಮಕ್ಕಳಿಗೆ ಊಟದ ಜೊತೆ ಸಂಗೀತ ಸಿಕ್ಕಿತು. ಪಂಚಾಕ್ಷರ ಗವಾಯಿಗಳ ಹತ್ತಿರ ಬಸವರಾಜ ರಾಜಗುರು ಕಲಿತರು, ಪುಟ್ಟರಾಜರ ಹತ್ತಿರ ವೆಂಕಟೇಶ ಕುಮಾರ್ ಕಲಿತರು. ನೇಪಲ್ಸ್‌ಗೂ ಗದಗಿಗೂ ಸಂಪರ್ಕವೇ ಇರಲಿಲ್ಲ. ಆದರೂ ಎರಡೂ ಕಡೆ ಹಾಡನ್ನು ಕಲಿಸಿದ್ದು ಬದುಕಿನ ಕಸುಬಾಗಿ, ಪಠ್ಯೇತರ ಚಟುವಟಿಕೆಯಾಗಿ ಅಲ್ಲ.

ಒಂದು ತಾಸಿನ ದೂರದ ಇತಿಹಾಸ

ಉಗಾರದಿಂದ ರೈಲು ಹತ್ತಿದರೆ ಶೇಡಬಾಳ ದಾಟಿ ಒಂದು ತಾಸಿನೊಳಗೆ ಮಿರಜ. ನಮ್ಮ ಕಡೆಯವರಿಗೆ ಮಿರಜ ಅಂದರೆ ದವಾಖಾನೆ ಊರು. ಆದರೆ ಭಾರತದ ಸಂಗೀತ ಶಿಕ್ಷಣದ ಚರಿತ್ರೆಯಲ್ಲಿ ಅದಕ್ಕೆ ಬೇರೆಯೇ ಸ್ಥಾನವಿದೆ.

ನಮ್ಮ ನೆರೆಯ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರ್ ಅವರಿಗೆ ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಮುಂದೆ ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರ್ ಅವರ ಹತ್ತಿರ ಗ್ವಾಲಿಯರ್ ಘರಾಣೆಯ ಗಾಯನ ಕಲಿತರು. 1901ರಲ್ಲಿ ದೂರದ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜನ ಕೃಪೆ ಇಲ್ಲದೆ, ಜನರ ಫೀ ಮತ್ತು ದೇಣಿಗೆಯಿಂದ ನಡೆದ ಶಾಲೆ ಅದು. ಸಿಲಬಸ್ಸು, ಸ್ವರಲಿಪಿ ಪುಸ್ತಕ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಇದ್ದವು. ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಬದಲಾವಣೆ. ಅವರು ತೀರಿಕೊಂಡ 1931ರಲ್ಲೇ ಶಿಷ್ಯರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳ ಕಟ್ಟಿದರು. ನಮ್ಮಲ್ಲಿ ಯಾರಾದರೂ 'ವಿಶಾರದ' ಮಾಡಿದೀನಿ ಅಂದರೆ ಅದು ಹೆಚ್ಚಾಗಿ ಈ ಮಂಡಳದ ಪರೀಕ್ಷೆಯೇ.

ಅದೇ ಮಿರಜದಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯೂ ಅಲ್ಲಿನ ಮೀರಾಸಾಹೇಬ ದರ್ಗಾದಲ್ಲೇ ಆಯಿತು. ಈಗಲೂ ಉರುಸಿನ ಹೊತ್ತಿಗೆ ಅಲ್ಲಿ ಸಂಗೀತೋತ್ಸವ ನಡೆಯುತ್ತೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ.

ಮಿರಜದ ಇನ್ನೊಂದು ಸಂಗತಿ ಎಂಜಿನಿಯರಿಂಗ್ ಓದುವವರಿಗೇ ಹೇಳಿಮಾಡಿಸಿದ್ದು: ತಂಬೂರಿ. ಪಂಢರಪುರ ಕಡೆಯಿಂದ ಬಂದ ದೊಡ್ಡ ಸೋರೆ ಬುರುಡೆಯಿಂದ ಸಿತಾರ, ತಂಬೂರಿ ಮಾಡುವ ಮನೆತನಗಳು ಅಲ್ಲಿವೆ. 2024ರಲ್ಲಿ ಎರಡಕ್ಕೂ ಜಿಐ ಟ್ಯಾಗ್ ಸಿಕ್ಕಿತು. ತಂಬೂರಿಯ ಕುದುರೆಯನ್ನು ಸಣ್ಣಗೆ ಬಾಗಿದಂತೆ ತೀಡಿ, ತಂತಿಯ ಕೆಳಗೆ ಒಂದು ನೂಲು ಸರಿಸಿದರೆ ಝೇಂಕಾರ ತೆರೆದುಕೊಳ್ಳುತ್ತೆ. ಇದಕ್ಕೆ ಜವಾರಿ ಅಂತಾರೆ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ನೋಡ್ ಇರುವ ಹಾರ್ಮಾನಿಕ್ಸ್ ಕೇಳಬಾರದು ಅನ್ನುತ್ತೆ ಪುಸ್ತಕದ ನಿಯಮ. ತಂಬೂರಿ, ವೀಣೆಗಳಲ್ಲಿ ಅವು ಕೇಳುತ್ತವೆ. ಈ ಬಗ್ಗೆ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಆ ಕುಶಲಕರ್ಮಿಗಳು ಇದನ್ನು ಆಸಿಲೋಸ್ಕೋಪ್ ಇಲ್ಲದೆ, ಕಿವಿಯಿಂದಲೇ ಹೊಂದಿಸುತ್ತಾರೆ.

ಪ್ರವೇಶಕ್ಕೆ ಏನು ಬೇಕು?

ಈಗ ಲೆಕ್ಕಕ್ಕೆ ಬರೋಣ. ಬಿ.ಇ. ಮಾಡಿದವರಿಗೆ ಸಂಗೀತದ ಎಂ.ಎ. ಅಥವಾ ಎಂ.ಮ್ಯೂಸ್. ಬಾಗಿಲು ಮುಚ್ಚಿಲ್ಲ. ಅನೇಕ ವಿಶ್ವವಿದ್ಯಾಲಯಗಳು ಯಾವುದಾದರೂ ಪದವಿಯ ಜೊತೆಗೆ ಸಂಗೀತದ ಮಾನ್ಯ ಪರೀಕ್ಷೆ ಪಾಸಾಗಿರಬೇಕು ಅಂತ ಕೇಳುತ್ತವೆ. ಸಾಮಾನ್ಯವಾಗಿ ಅದು ವಿಶಾರದ ಅಥವಾ ಕರ್ನಾಟಕದ ವಿದ್ವತ್ ಮಟ್ಟದ್ದು. ನಿಯಮ ಒಂದೊಂದು ಕಡೆ ಒಂದೊಂದು ಥರ ಇರೋದರಿಂದ, ಸೇರುವ ವರ್ಷದ ಪ್ರವೇಶ ಪ್ರಕಟಣೆಯನ್ನೇ ನೋಡಬೇಕು.

ತೊಡಕು ಇರೋದು ಸಮಯದಲ್ಲಿ. ಮಂಡಳದ ಮೆಟ್ಟಿಲು ಎಣಿಸಿ: ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ ಪ್ರಥಮ, ಮಧ್ಯಮಾ ಪೂರ್ಣ, ವಿಶಾರದ ಪ್ರಥಮ, ವಿಶಾರದ ಪೂರ್ಣ. ಒಟ್ಟು 7. ವರ್ಷಕ್ಕೊಂದು ಎಂದರೂ 7 ವರ್ಷ. ನಮ್ಮ ಕೋರ್ಸು 4 ವರ್ಷ. ಅಂದರೆ ಶಾಲೆಯಲ್ಲಿದ್ದಾಗಲೇ ಮಧ್ಯಮಾವರೆಗೆ ಬಂದವರು ಇಲ್ಲಿ ಓದುತ್ತಲೇ ವಿಶಾರದ ಮುಗಿಸಬಹುದು. ಎಂಟನೇ ಸೆಮಿಸ್ಟರಿನಲ್ಲಿ ಮೊದಲ ಬಾರಿ ಯೋಚನೆ ಬಂದವರಿಗೆ ಎಂ.ಎ. ಮುಂದಿನ ವರ್ಷದ ಮಾತಲ್ಲ.

ಆಮೇಲೆ ಆಡಿಷನ್. ಹಿಂದೂಸ್ತಾನಿ ಗಾಯನವಾದರೆ ನಿಮಗೆ ಬೇಕಾದ ರಾಗದಲ್ಲಿ ವಿಲಂಬಿತ ಮತ್ತು ದ್ರುತ್ ಖಯಾಲ್ ಹಾಡಿಸುತ್ತಾರೆ. ನಂತರ ಅವರ ಪ್ರಶ್ನೆ ಶುರು. ಮಾರವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಒಂದೇ. ಬೇರೆ ಬೇರೆ ಮಾಡಿ ತೋರಿಸಿ ಅಂದರೆ? ಮಾರವಾ ಕೋಮಲ ರಿಷಭ, ಧೈವತದ ಮೇಲೆ ನಿಲ್ಲುತ್ತೆ. ಪೂರಿಯಾ ಗಾಂಧಾರ, ನಿಷಾದ ಹಿಡಿದು ಮಂದ್ರದಲ್ಲಿ ಓಡಾಡುತ್ತೆ. ಸೋಹನಿ ತಾರ ಷಡ್ಜದ ಸುತ್ತ ಹೊಳೆಯುತ್ತೆ. ಈ ಉತ್ತರವನ್ನು ಇಲ್ಲಿ ಓದಿಕೊಂಡು ಬರೆಯಬಹುದು, ಹಾಡೋಕೆ ಆಗಲ್ಲ. ರಾತ್ರಿಯೆಲ್ಲ ಕೂತು ಮಾಡ್ಯೂಲ್ ಮುಗಿಸುವ ನಮ್ಮ ವಿದ್ಯೆ ಇಲ್ಲಿ ನಡೆಯಲ್ಲ.

ಎಲ್ಲಿ ಕಲಿಯೋದು?

ಉಗಾರದವರಿಗೆ ಸಹಜ ದಾರಿ ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸಿದವರ ಸಾಲಿನಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅಂಥವರ ಹೆಸರಿದೆ. ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಿನಲ್ಲೇ ರಾಜ್ಯದ ಸಂಗೀತ ವಿಶ್ವವಿದ್ಯಾಲಯ ಇದೆ. ಅದರ ಕಾಯ್ದೆ 2009ರದು. ಹೊರಗೆ ಹೋಗುವವರಿಗೆ ಬರೋಡ, ಖೈರಾಗಢ, ಲಖನೌ ಇವೆ. ಸರ್ಕಾರಿ ವಿಶ್ವವಿದ್ಯಾಲಯಗಳ ಫೀ ನಮ್ಮ ಎಂಜಿನಿಯರಿಂಗ್ ಫೀ ಮುಂದೆ ಬಹಳ ಕಮ್ಮಿ.

ಪದವಿಯೇ ಇಲ್ಲದ ದಾರಿಯೂ ಒಂದಿದೆ. ಕೋಲ್ಕತ್ತದ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿಯಲ್ಲಿ ಗುರುವಿನ ಜೊತೆ ವರ್ಷಗಟ್ಟಲೆ ಇದ್ದು ಕಲಿಯಬಹುದು, ವಿದ್ಯಾರ್ಥಿವೇತನವೂ ಇದೆ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಗುರುಕುಲ ಇದೆ. ಕೈಗೆ ಡಿಗ್ರಿ ಬರಲ್ಲ, ಆದರೆ ದಿನದ ಬಹುಪಾಲು ಹೊತ್ತು ರಿಯಾಜಿಗೇ ಸಿಗುತ್ತೆ.

ವಿದೇಶದ ಕನ್ಸರ್ವೇಟರಿಗಳು ಮುಖ್ಯವಾಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರಿಗೆ: ಪಿಯಾನೋ, ವಯೊಲಿನ್, ಒಪೆರಾ ಗಾಯನ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಂಥ ಕೆಲವೇ ಕಡೆ ಹಿಂದೂಸ್ತಾನಿಗೂ ಜಾಗ ಸಿಕ್ಕಿದೆ. ಅಲ್ಲಿ ಹರಿಪ್ರಸಾದ್ ಚೌರಾಸಿಯಾ ಬಹಳ ವರ್ಷ ಕಲಿಸಿದರು. ಬ್ರಿಟನ್‌ನ ಕನ್ಸರ್ವೇಟರಿಗಳಿಗೆ ಸೆಪ್ಟೆಂಬರ್‌ನಲ್ಲಿ ಸೇರಬೇಕಾದರೆ ಹಿಂದಿನ ವರ್ಷದ ಅಕ್ಟೋಬರ್ ಶುರುವಿಗೇ ಅರ್ಜಿ ಹಾಕಬೇಕು. ಲಂಡನ್‌ನಲ್ಲಿ ವಿದೇಶಿ ವಿದ್ಯಾರ್ಥಿಯ ಫೀ ವರ್ಷಕ್ಕೆ 25,000 ಪೌಂಡ್ ದಾಟುತ್ತೆ. ಜರ್ಮನಿಯ ಸರ್ಕಾರಿ ಸಂಗೀತ ಶಾಲೆಗಳು ಹೆಚ್ಚಿನ ರಾಜ್ಯಗಳಲ್ಲಿ ಫೀ ತಗೊಳ್ಳಲ್ಲ, ಆದರೆ ಜರ್ಮನ್ ಬರಬೇಕು, ಸ್ಪರ್ಧೆ ಜೋರು. ಐದು ವರ್ಷದವರಿದ್ದಾಗಿಂದ ದಿನಾ ನುಡಿಸಿದವರ ಜೊತೆ ನಾವು ನಿಲ್ಲಬೇಕು.

ಅಪ್ಪ ಕೇಳುವ ಪ್ರಶ್ನೆ: ಆಮೇಲೆ ಏನು?

ನೇರ ಉತ್ತರ: ಕ್ಯಾಂಪಸ್ ಪ್ಲೇಸ್‌ಮೆಂಟ್ ಇಲ್ಲ. ಇರುವ ದಾರಿಗಳು ಇಷ್ಟು. ಎಂ.ಎ.ಯಲ್ಲಿ ಶೇ. 55 ಅಂಕ ಮತ್ತು ಸಂಗೀತದ ನೆಟ್ ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಯುಜಿಸಿಯ 2018ರ ನಿಯಮದಲ್ಲಿ ಸಂಗೀತಕ್ಕೆ ಇನ್ನೊಂದು ಬಾಗಿಲಿದೆ: ಹೆಸರಾಂತ ಗುರುವಿನ ಹತ್ತಿರ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ 'ಎ' ಗ್ರೇಡ್ ಪಡೆದ, ಪಾಠ ಮಾಡಬಲ್ಲ ಪದವೀಧರ ಕಲಾವಿದರೂ ಆ ಹುದ್ದೆಗೆ ಅರ್ಹರು. ಎಂ.ಎ. ಇಲ್ಲದಿದ್ದರೂ ಹಾಡುಗಾರಿಕೆಗೆ ಬೆಲೆ ಇದೆ ಅಂತ ನಿಯಮವೇ ಒಪ್ಪಿಕೊಂಡಂತಾಯಿತು. ಆ ಗ್ರೇಡಿಗೆ ಆಕಾಶವಾಣಿಯ ಆಡಿಷನ್‌ನಲ್ಲಿ ಬಿ, ಬಿ-ಹೈ ದಾಟಿ ಬರಬೇಕು. ಅದಕ್ಕೂ ವರ್ಷಗಳು ಹಿಡಿಯುತ್ತವೆ.

ಉಳಿದದ್ದು ಶಾಲೆಯ ಕೆಲಸ, ಮನೆಪಾಠ, ಆನ್‌ಲೈನ್ ಕ್ಲಾಸು, ಕಛೇರಿ. ಕಛೇರಿಯ ಹಣ ತಿಂಗಳ ಸಂಬಳದಂತೆ ಬರಲ್ಲ. ಕಲಿಯುವ ಕಾಲದಲ್ಲಿ ಆಸರೆಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ: ವಯಸ್ಸು 18ರಿಂದ 25, ತಿಂಗಳಿಗೆ 5,000 ರೂಪಾಯಿ, 2 ವರ್ಷ. ಅದಕ್ಕೂ ಮೊದಲೇ 5 ವರ್ಷ ಕಲಿತಿರಬೇಕು.

ಗಮನಿಸಿದಿರಾ? ಎಲ್ಲ ಕಡೆ ಒಂದೇ ಶರತ್ತು. ಎಂ.ಎ. ಪ್ರವೇಶ ಕೇಳೋದೂ, ವಿದ್ಯಾರ್ಥಿವೇತನ ಕೇಳೋದೂ, ಕನ್ಸರ್ವೇಟರಿ ಕೇಳೋದೂ ಹಿಂದಿನ ವರ್ಷಗಳ ರಿಯಾಜನ್ನೇ. ಬಿ.ಇ. ಸೇರುವಾಗ ನಮಗೆ ಒಂದು ಸಾಲು ಕೋಡ್ ಬರೆಯೋಕೆ ಬರದಿದ್ದರೂ ನಡೀತು, ಕಾಲೇಜು ಕಲಿಸಿತು. ಸಂಗೀತದ ಎಂ.ಎ. ಹಾಗಲ್ಲ. ಅದು ಹಾಡುಗಾರರನ್ನು ಹುಟ್ಟಿಸಲ್ಲ. ಹಾಡುಗಾರರಾಗಿ ಬಂದವರಿಗೆ ಎರಡು ವರ್ಷದ ಸಮಯ, ಗುರು, ತಬಲಾ-ಹಾರ್ಮೋನಿಯಂ ಸಾಥಿ, ತಪ್ಪು ಹಿಡಿಯುವ ಕಿವಿಗಳು, ಒಂದು ವೇದಿಕೆ ಕೊಡುತ್ತೆ. ಇದು ಸಣ್ಣದಲ್ಲ, ಆದರೆ ಇಷ್ಟೇ.

ಹಾಗಾಗಿ ನಿಜವಾದ ನಿರ್ಧಾರ ಎಂಟನೇ ಸೆಮ್‌ನದಲ್ಲ. ಕೆಲಸ ಬಿಡಬೇಕಾ, ಸಂಗೀತ ಬಿಡಬೇಕಾ ಅಂತ ಈಗಲೇ ತಲೆ ಕೆಡಿಸಿಕೊಳ್ಳೋದೂ ಬೇಡ. ಅಶ್ವಿನಿ ಭಿಡೆ ದೇಶಪಾಂಡೆ ಜೀವರಸಾಯನದಲ್ಲಿ ಪಿಎಚ್.ಡಿ. ಮಾಡುತ್ತಲೇ ತಾಲೀಮು ಬಿಡಲಿಲ್ಲ; ಆಮೇಲೆ ಪೂರ್ತಿ ಗಾಯನಕ್ಕೆ ಬಂದರು. ಒಂದೆರಡು ವರ್ಷ ಕೆಲಸ ಮಾಡಿ, ಎಜುಕೇಶನ್ ಲೋನ್ ಇಳಿಸಿ, ವಿಶಾರದ ಮುಗಿಸಿ ಎಂ.ಎ.ಗೆ ಹೋಗೋದು ಸೋಲಲ್ಲ. ಅಪ್ಪ ಅವ್ವನ ಜೊತೆ ಮಾತಾಡೋಕೂ ಆಗ ಕಾಲ ಕೆಳಗೆ ಸ್ವಲ್ಪ ನೆಲ ಇರುತ್ತೆ.

ಈಗ ಮಾಡಬೇಕಾದ್ದು ಮೂರೇ. ಒಬ್ಬ ಗುರುವನ್ನು ಹುಡುಕಿ. ಉಗಾರ, ಕುಡಚಿ, ರಾಯಬಾಗ ಕಡೆಯವರಿಗೆ ಮಿರಜ, ಬೆಳಗಾವಿ ಎರಡೂ ರೈಲಿನ ದಾರಿಯಲ್ಲೇ ಇವೆ. ಮುಂದಿನ ಪರೀಕ್ಷೆಯ ಫಾರ್ಮ್ ತುಂಬಿ. ಮತ್ತೆ, ಹೊಸ ಸೆಮಿಸ್ಟರಿನ ಟೈಮ್‌ಟೇಬಲ್ ಕೈಗೆ ಬಂದಾಗ ಲ್ಯಾಬು, ಇಂಟರ್ನಲ್ಸು ಎಲ್ಲ ಕಳೆದು ದಿನಕ್ಕೆ ಎಷ್ಟು ತಾಸು ಉಳಿಯುತ್ತೆ ನೋಡ್ರಿ. ಆ ತಾಸಿನಲ್ಲಿ ಆರು ತಿಂಗಳು ತಪ್ಪದೆ ಷಡ್ಜ ಹಿಡಿದು ಕೂತವರು ನಮ್ಮ ಪತ್ರಿಕೆಯ ಸಲಹೆಗಾಗಿ ಕಾಯಬೇಕಿಲ್ಲ. ಎಂ.ಎ. ಬೇಕೋ ಬೇಡವೋ ಅನ್ನೋದು ಅವರಿಗೇ ಗೊತ್ತಾಗಿರುತ್ತೆ.