ಆತಂಕದ ಮದ್ದು ಮತ್ತು ವೈದ್ಯರ ಮೇಲಿನ ನಂಬಿಕೆ

ಜ್ವರಕ್ಕೆ ಗುಳಿಗೆ ನುಂಗಿದರೆ ಸಂಜೆಯೊಳಗೆ ಮೈ ಬೆವರುತ್ತದೆ. ಮದ್ದು ಹಿಡಿಯಿತು ಎನ್ನುತ್ತೇವೆ. ಇದೇ ಲೆಕ್ಕವನ್ನು ಆತಂಕರೋಗದ ಮದ್ದಿಗೂ ಹಾಕುವುದರಿಂದ ಎಷ್ಟೋ ಮಂದಿಯ ಚಿಕಿತ್ಸೆ ಅರ್ಧದಲ್ಲೇ ನಿಂತುಹೋಗುತ್ತದೆ.

ಪರೀಕ್ಷೆಯ ಮುನ್ನಾದಿನ ಹೊಟ್ಟೆ ತೊಳಸಿದರೆ ಅದು ರೋಗವಲ್ಲ. ಆದರೆ ತಕ್ಕ ಕಾರಣವಿಲ್ಲದೆ ಎದೆ ಡವಗುಟ್ಟುತ್ತ, ನಿದ್ದೆಗೆಟ್ಟು, ಶಾಲೆಗೋ ಕೆಲಸಕ್ಕೋ ಹೋಗಲಾರದ ಸ್ಥಿತಿ ತಿಂಗಳುಗಟ್ಟಲೆ ಇದ್ದರೆ ವೈದ್ಯರನ್ನು ಕಾಣಲೇಬೇಕು. ಮಾತಿನ ಚಿಕಿತ್ಸೆಯಿಂದಲೇ ಹಲವರು ಗುಣವಾಗುತ್ತಾರೆ; ಕೆಲವರಿಗೆ ಮದ್ದೂ ಬೇಕಾಗುತ್ತದೆ.

ಹೆಚ್ಚಾಗಿ ಮೊದಲು ಬರೆದುಕೊಡುವುದು ಎಸಿಟಲೋಪ್ರಾಮ್, ಸರ್ಟ್ರಾಲಿನ್ ಮುಂತಾದ ಗುಳಿಗೆಗಳನ್ನು. ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕವು ಹೆಚ್ಚು ಹೊತ್ತು ಉಳಿಯುವಂತೆ ಇವು ಮಾಡುತ್ತವೆ. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಆದರೆ ನಮ್ಮ ದೇಹದ ಸೆರೊಟೋನಿನ್ನಿನ ಬಹುಪಾಲು ಇರುವುದು ತಲೆಯಲ್ಲಲ್ಲ, ಕರುಳಿನಲ್ಲಿ! ಆದ್ದರಿಂದ ಮೊದಲ ದಿನಗಳಲ್ಲೇ ಹೊಟ್ಟೆ ಕೆಡುವುದು, ವಾಕರಿಕೆ ಬರುವುದು ಸಾಮಾನ್ಯ. ತಲೆನೋವು, ನಿದ್ದೆಯ ಏರುಪೇರು, ಕೆಲವರಿಗೆ ಚಡಪಡಿಕೆ ಹೆಚ್ಚಿದಂತೆಯೂ ಆಗುತ್ತದೆ. ತೊಂದರೆ ಮೊದಲು ಬಂದು, ಗುಣ ಆಮೇಲೆ ಬರುತ್ತದೆ. ಈ ನಡುವಿನ ದಿನಗಳಲ್ಲೇ ನೆರೆಮನೆಯವರ ಸಲಹೆ ಕೇಳಿ ಗುಳಿಗೆಯನ್ನು ಎಸೆದುಬಿಡುತ್ತೇವೆ. ವೈದ್ಯರಿಗೆ ಇದು ಗೊತ್ತಿರುವುದರಿಂದಲೇ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ.

ಡಯಜೆಪಾಮ್, ಅಲ್ಪ್ರಾಜೊಲಾಮ್‌ಗಳ ಕಥೆ ಇದಕ್ಕೆ ವಿರುದ್ಧ. ನುಂಗಿದ ಒಂದು ಗಂಟೆಯೊಳಗೇ ಮನಸ್ಸು ಹಗುರಾಗುತ್ತದೆ. ಅಪಾಯವೂ ಅಲ್ಲಿಯೇ ಉಂಟು. ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಬಿಡಬಹುದು. ಬಹುಕಾಲ ಸೇವಿಸಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವುದೂ ಉಂಟು. 2014ರಿಂದ ಇವು ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ಚೀಟಿ ನೋಡಿ, ಪುಸ್ತಕದಲ್ಲಿ ಬರೆದಿಟ್ಟೇ ಕೊಡಬೇಕು. ಅಕ್ಕನಿಗೆ ಬರೆದುಕೊಟ್ಟದ್ದನ್ನು ತಂಗಿಗೆ ಕೊಡುವ ಔದಾರ್ಯ ಇಲ್ಲಿ ಸಲ್ಲದು.

ನಂಬಿಕೆಯೆಂದರೆ ತಲೆಯಾಡಿಸಿ ಎದ್ದುಬರುವುದಲ್ಲ, ಎಲ್ಲವನ್ನೂ ಹೇಳುವುದು. ಉಬ್ಬಸ ಇರುವುದನ್ನು ಮುಚ್ಚಿಟ್ಟರೆ, ಎದೆಬಡಿತಕ್ಕೆಂದು ಕೊಡುವ ಪ್ರೊಪ್ರನೊಲೋಲ್ ಉಸಿರನ್ನೇ ಕಟ್ಟಿಸೀತು. ಮದ್ಯಪಾನ, ನಾಟಿ ಔಷಧ, ಗರ್ಭ—ಯಾವುದನ್ನೂ ಬಿಡಬಾರದು. ಹೇಳಲು ಸಂಕೋಚವೆನಿಸುವ ಅಡ್ಡಪರಿಣಾಮಗಳೂ ಉಂಟು; ವೈದ್ಯರಿಗೆ ಅವು ಹೊಸತಲ್ಲ. ಪ್ರಮಾಣ ತಗ್ಗಿಸಲು, ಹೊತ್ತು ಬದಲಿಸಲು, ಬೇರೆ ಮದ್ದು ಕೊಡಲು ಅವರಿಗೆ ದಾರಿಗಳಿವೆ. ಕೇಳುವ ವ್ಯವಧಾನವೇ ಇಲ್ಲದ ವೈದ್ಯರಾದರೆ, ಚೀಟಿ ಹಿಡಿದು ಇನ್ನೊಬ್ಬ ವೈದ್ಯರಲ್ಲಿಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ.

ಗಡಿನಾಡಿನ ನಮಗೆ ಇನ್ನೊಂದು ತೊಡಕುಂಟು. ವೈದ್ಯರು ಮಲಯಾಳದಲ್ಲಿ ಕೇಳುತ್ತಾರೆ. ನಮ್ಮ ಅಜ್ಜಿಯ “ಎದೆ ಝಲ್ಲೆನ್ನುತ್ತದೆ” ಎಂಬ ಮಾತು ಅಲ್ಲಿಗೆ ತಲಪುವಾಗ ಬರಿಯ ಎದೆನೋವಾಗಿರುತ್ತದೆ. ಯಾವ ದಿನ ಏನಾಯಿತು, ಎಷ್ಟು ಹೊತ್ತು ಇತ್ತು ಎಂದು ಮನೆಯಲ್ಲೇ ಬರೆದಿಟ್ಟು, ಎರಡೂ ಭಾಷೆ ಬಲ್ಲವರೊಡನೆ ಹೋದರೆ ಉಪಕಾರವಾದೀತು.

ಹೆತ್ತವರು ಗಮನಿಸಬೇಕಾದ್ದು: 25 ವರ್ಷದೊಳಗಿನವರು ಸೆರೊಟೋನಿನ್ನಿನ ಮದ್ದು ಆರಂಭಿಸಿದಾಗ, ಪ್ರಮಾಣ ಬದಲಿಸಿದಾಗ, ಮೊದಲ ವಾರಗಳಲ್ಲಿ ವಿಪರೀತ ತಳಮಳವೋ ಸಾಯುವ ಮಾತೋ ಕಂಡರೆ ಮುಂದಿನ ಭೇಟಿಯ ತನಕ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು, ಒಂಟಿಯಾಗಿ ಬಿಡಬಾರದು. ಹಗಲಿರುಳೂ ಮಾತಾಡಲು ಸಿಗುವ, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ ಉಚಿತ ದೂರವಾಣಿ ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು.