ಅಳತೆಗೋಲಿನ ಮುಂದೆ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ "ಎಲ್ಲಿಗೆ?" ಎಂಬುದು. ಹಿಂದೆ ಅದಕ್ಕೆ ಉತ್ತರ ಸುಲಭವಾಗಿತ್ತು: ಅಜ್ಜನ ಮನೆ. ಈಗ ಅಜ್ಜಿಯೇ ಊರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ಇರುವುದರಿಂದ, ಮಕ್ಕಳು ನೆರೆಮನೆಯವರಿಂದ ಕೇಳಿಬಂದ ಹೆಸರುಗಳನ್ನೇ ಜಪಿಸುತ್ತಾರೆ. ನಮ್ಮ ಮನೆಯಲ್ಲಿ ಈ ವರ್ಷದ ಜಪ ಬಿಡದಿಯ ವಂಡರ್‌ಲಾ.

ಇಂಥ ವಿಹಾರೋದ್ಯಾನಗಳನ್ನು ಕೇವಲ ಮಕ್ಕಳ ಹಟದ ಫಲವೆಂದು ನಾವು ದೊಡ್ಡವರು ಮೂಗು ಮುರಿಯುವುದುಂಟು. ಆದರೆ ಇವುಗಳ ಹಿಂದೆ ಇರುವುದು ಒಬ್ಬ ತಂದೆಯ ಬೇಸರ. ಲಾಸ್ ಏಂಜಲಿಸಿನ ಗ್ರಿಫಿತ್ ಪಾರ್ಕಿನ ಬೆಂಚಿನ ಮೇಲೆ ಕುಳಿತು, ತಿರುಗುವ ಕುದುರೆಗಳನ್ನೇರಿದ್ದ ತನ್ನ ಹೆಣ್ಣುಮಕ್ಕಳಿಬ್ಬರನ್ನು ನೋಡುತ್ತಿದ್ದಾಗ, ತಂದೆತಾಯಿಗಳೂ ಮಕ್ಕಳೂ ಒಟ್ಟಿಗೆ ನಲಿಯುವ ಸ್ಥಳವೊಂದಿರಬೇಕೆಂದು ತನಗೆ ತೋರಿತೆಂದು ವಾಲ್ಟ್ ಡಿಸ್ನಿ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಆನಹೈಮಿನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ನಮ್ಮ ಬಿಡದಿಯ ಉದ್ಯಾನ 2005ರದು. ಇದನ್ನು ಕಟ್ಟಿಸಿದ ಕೊಚ್ಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿಯೇ ಕೊಚ್ಚಿಯಲ್ಲಿ ವೀಗಾಲ್ಯಾಂಡನ್ನು ಆರಂಭಿಸಿದ್ದರು. ನಾನೂ ಅನೇಕ ಬೆಂಚುಗಳ ಮೇಲೆ ಕುಳಿತಿದ್ದೇನೆ. ಕಾಫಿಯ ಹೊರತು ಬೇರೊಂದು ಯೋಚನೆ ನನಗೆ ಹೊಳೆದದ್ದಿಲ್ಲ.

ಕಳೆದ ವರ್ಷ ಹೀಗೆಯೇ ಒಂದು ಉದ್ಯಾನಕ್ಕೆ ಹೋಗಿದ್ದೆವು. ಹೆಸರು ಬೇಡ, ತಪ್ಪು ನಮ್ಮದೇ. ಮಗನಿಗೆ ಆಗ ಆರು ವರ್ಷ. ಎತ್ತರದ ರೈಲುಗಾಡಿಯೊಂದನ್ನು ಏರುವೆನೆಂದು ತರಗತಿಯ ಎಲ್ಲರಿಗೂ ಹೇಳಿ ಬಂದಿದ್ದ. ಮುಕ್ಕಾಲು ಗಂಟೆ ಬಿಸಿಲಿನಲ್ಲಿ ಸಾಲು ನಿಂತು, ಕೊನೆಗೆ ಅಳತೆಗೋಲಿನ ಮುಂದೆ ನಿಂತಾಗ ಮೂರು ಬೆರಳು ಕಡಿಮೆಯಾಯಿತು. ಅವನು ಮೆಲ್ಲನೆ ತುದಿಗಾಲಿನ ಮೇಲೆ ನಿಂತ. ಅಲ್ಲಿದ್ದ ಯುವಕ ನಗುತ್ತಲೇ "ಹಿಮ್ಮಡಿ ಕೆಳಗೆ ಇಡು, ಮರಿ" ಎಂದ. ಹುಡುಗ ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಾಗಿತ್ತು. ಸಂಜೆಯವರೆಗೆ ಮಾತೇ ಆಡಲಿಲ್ಲ.

ನಾನು ಆ ಯುವಕನೊಡನೆ ವಾದಕ್ಕಿಳಿದೆನೆಂದು ಒಪ್ಪಿಕೊಳ್ಳುತ್ತೇನೆ. ಆಸನದ ಮೇಲೆ ಬಂದು ಕೂರುವ ಅಡ್ಡದಂಡವು ಇಷ್ಟು ಎತ್ತರದ, ಇಷ್ಟು ಗಾತ್ರದ ದೇಹವನ್ನು ಹಿಡಿಯಲೆಂದೇ ಮಾಡಿದುದು. ಗಾಡಿ ಎಗರಿದಾಗ ಚಿಕ್ಕ ಮಗು ಅದರ ಅಡಿಯಿಂದ ಜಾರಿಬಿಡಬಹುದು. ಇದನ್ನು ತಿಳಿದಮೇಲೆ ನನ್ನ ವಾದವನ್ನು ನೆನೆದು ನಾಚಿಕೆಯಾಯಿತು. ಆದುದರಿಂದ ಈ ಸಲ ಅಳತೆಯ ಕೆಲಸವನ್ನು ಮನೆಯಲ್ಲಿಯೇ ಮುಗಿಸಿದ್ದೇವೆ. ಬಾಗಿಲ ಚೌಕಟ್ಟಿನ ಮೇಲೆ ಸೀಸದ ಕಡ್ಡಿಯ ಗೆರೆ ಎಳೆದು, ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂದು ಮೊದಲೇ ವಿಚಾರಿಸಿ, ಸಿಗುವುದನ್ನೂ ಸಿಗದುದನ್ನೂ ಮಕ್ಕಳಿಗೆ ಓದಿ ಹೇಳಿದ್ದಾಯಿತು. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟು ಕೂಡ ವಯಸ್ಸಿನ ಲೆಕ್ಕದಲ್ಲಿಲ್ಲ, ಎತ್ತರದ ಲೆಕ್ಕದಲ್ಲಿದೆ.

ಆದರೆ ಕಳೆದ ವರ್ಷದ ಆ ದಿನ ಇಷ್ಟಕ್ಕೇ ಮುಗಿದಿರಲಿಲ್ಲ. ಅಲೆಗಳ ಕೊಳದಿಂದ ಹೊರಬಂದಾಗ ನಾನು ಟವಲು ತರಲು ಹೋದೆ. ನನ್ನಾಕೆ ಮಗನ ತಲೆ ಒರೆಸುತ್ತಿದ್ದಳು.

"ಪುಟ್ಟಿ ಎಲ್ಲಿ?" ಎಂದಳು.

"ನಿನ್ನ ಜೊತೆ ಇದ್ದಳಲ್ಲ?"

"ನಿಮ್ಮ ಹಿಂದೆ ಬಂದಳಲ್ಲಾ!"

ನಾಲ್ಕು ವರ್ಷದ ಮಗು. ಒಂದು ಕಡೆ ಕೊಳ, ಇನ್ನೊಂದು ಕಡೆ ಸಾವಿರ ಜನ. ಮುಳುಗುವ ಮಗು ಸಿನಿಮಾದಲ್ಲಿ ಕಾಣುವಂತೆ ಕೈ ಬೀಸಿ ಕೂಗುವುದಿಲ್ಲ. ಸದ್ದಿಲ್ಲದೆ, ಒಂದೆರಡು ನಿಮಿಷಗಳಲ್ಲಿ ಆಗಿಹೋಗುತ್ತದೆಂದು ಎಲ್ಲಿಯೋ ಓದಿದ್ದು ಆಗಲೇ ನೆನಪಿಗೆ ಬರಬೇಕೇ! ನಾನು ನೀರಿನತ್ತ ಓಡಿದೆ, ಅವಳು ಬಾಗಿಲಿನತ್ತ ಓಡಿದಳು. ಇಬ್ಬರ ಫೋನುಗಳೂ ಲಾಕರಿನಲ್ಲಿ ಭದ್ರವಾಗಿದ್ದವು. ಮಗು ಯಾರಿಗೆ ಸಿಕ್ಕಿತೆಂದು ಒಬ್ಬರು ಇನ್ನೊಬ್ಬರಿಗೆ ತಿಳಿಸುವ ದಾರಿಯೇ ಇರಲಿಲ್ಲ.

ಹದಿನೈದು ನಿಮಿಷಗಳ ಬಳಿಕ ಕಸ ಗುಡಿಸುತ್ತಿದ್ದ ಒಬ್ಬ ಹೆಂಗಸು ಅವಳನ್ನು ಕೈ ಹಿಡಿದು ಕರೆತಂದಳು. ಕುಡಿಯುವ ನೀರಿನ ನಲ್ಲಿಯ ಬಳಿ ನಿಂತಿದ್ದಳಂತೆ. ಅಪ್ಪನ ಹೆಸರೇನೆಂದರೆ "ಅಪ್ಪ", ಅಮ್ಮನ ಹೆಸರು "ಅಮ್ಮ", ಮನೆ ಎಲ್ಲಿ ಎಂದರೆ "ಮೇಲೆ". ಆ ತಾಯಿಗೆ ಕೈಮುಗಿಯುವುದನ್ನು ಬಿಟ್ಟರೆ ನಮಗೆ ಬೇರೇನೂ ತೋಚಲಿಲ್ಲ.

ಈಗ ಪುಟ್ಟಿ ನಮ್ಮಿಬ್ಬರ ಹೆಸರನ್ನೂ ಪಟಪಟನೆ ಹೇಳುತ್ತಾಳೆ. ನಮ್ಮ ಸಂಖ್ಯೆಯನ್ನು ಬಟ್ಟೆಯ ಪಟ್ಟಿಯ ಮೇಲೆ ಹೊಲಿದು ಅಂಗಿಯ ಒಳಗಡೆ ಸೇರಿಸಿದೆ. ತೋಳಿನ ಮೇಲೆ ಬಾಲ್‌ಪೆನ್ನಿನಿಂದ ಬರೆದರೆ ನೀರು ಉಳಿಸೀತೇ? ಒಳಗೆ ಕಾಲಿಟ್ಟೊಡನೆ, ತಪ್ಪಿಸಿಕೊಂಡರೆ ಸೇರಬೇಕಾದ ಸ್ಥಳವೊಂದನ್ನು ಗೊತ್ತುಮಾಡುವುದು. ಮಗುವನ್ನು ಒಬ್ಬರಿಂದೊಬ್ಬರಿಗೆ ಒಪ್ಪಿಸುವಾಗ "ಇನ್ನು ನೀನು ನೋಡು" ಎಂದು ಬಾಯಿಬಿಟ್ಟು ಹೇಳುವುದು, ಎದುರಿನವರು "ಹೂಂ" ಎನ್ನುವುದು. ನೀರಿನಲ್ಲಂತೂ ದೊಡ್ಡವರೊಬ್ಬರು ಕೈಯಳತೆಯಲ್ಲಿಯೇ ಇರತಕ್ಕದ್ದು. ಜೀವರಕ್ಷಕನಿದ್ದಾನೆಂದು ಫೋಟೋ ತೆಗೆಯುತ್ತಾ ನಿಲ್ಲುವಂತಿಲ್ಲ.

ಉಳಿದುದು ಸಣ್ಣ ಸಂಗತಿಗಳು. ಭಾನುವಾರ ಬೇಡ. ನೀರಾಟಕ್ಕೆ ಹತ್ತಿಯ ಬಟ್ಟೆ ನಡೆಯುವುದಿಲ್ಲ, ನೈಲಾನಿನ ಉಡುಪೇ ಬೇಕು. ಒಣ ಬಟ್ಟೆ ಎರಡು ಜೊತೆ ಇರಲಿ, ಏಕೆಂದರೆ ಏಪ್ರಿಲಿನ ಬಿಸಿಲಿನಲ್ಲೂ ಒದ್ದೆ ಮಕ್ಕಳು ನಡುಗುತ್ತವೆ. ತಿರುಗುವ ಆಟಗಳು ಊಟಕ್ಕೆ ಮುಂಚೆಯೇ ಮುಗಿಯಲಿ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವೆಂದು ಕೇಳಿ ಅಮ್ಮ ಮುಖ ಸಪ್ಪಗೆ ಮಾಡಿದರು. ಹೋಗುವಾಗ ಬಿಡದಿಯಲ್ಲಿ ತಟ್ಟೆಇಡ್ಲಿ ತಿನ್ನಿಸುವೆನೆಂದ ಮೇಲೆ ಸಮಾಧಾನವಾಯಿತು. ಅವರಿಗೆ ಮಂಡಿನೋವು, ಮಧ್ಯಾಹ್ನ ಒಂದು ಗಂಟೆಯ ಕಾಲ ಎಲ್ಲರೂ ನೆರಳಿನಲ್ಲಿ ಅವರ ಬಳಿ ಕೂರುವುದೆಂದು ಯೋಜನೆಯಲ್ಲಿಯೇ ಬರೆದಿದ್ದೇನೆ. ಎಲ್ಲ ಆಟಗಳನ್ನೂ ಆಡಿ ದುಡ್ಡು ವಸೂಲು ಮಾಡುವ ಆಸೆಯನ್ನು ಕಷ್ಟಪಟ್ಟು ಬಿಟ್ಟಿದ್ದೇನೆ.

ಗುರುವಾರ ಹೊರಡುವುದೆಂದು ನಿಶ್ಚಯವಾಗಿದೆ. ಚೌಕಟ್ಟಿನ ಮೇಲೆ ಮಗನ ಗೆರೆ ನೂರ ಇಪ್ಪತ್ತೊಂದು ಸೆಂಟಿಮೀಟರಿಗೆ ಏರಿದೆ. ಪುಟ್ಟಿಯದು ಇನ್ನೂ ನೂರ ಎಂಟು. ಬೆಳಿಗ್ಗೆ ಎದ್ದೊಡನೆ ಹೋಗಿ ಅದರ ಕೆಳಗೆ ನಿಲ್ಲುತ್ತಾಳೆ, ಹಿಮ್ಮಡಿಯನ್ನು ನೆಲಕ್ಕೆ ಊರಿದೆಯೇ ಎಂದು ಅಣ್ಣ ಬಗ್ಗಿ ನೋಡುತ್ತಾನೆ.